ಹಳ್ಳಿಯ ವೈದ್ಯಕ್ಕೆ ಎರಡು ಪಾಠಶಾಲೆಗಳು

ಹೋದ ಸುಗ್ಗಿಯ ಹೊತ್ತಿಗೆ ನವಲಗುಂದ ತಾಲೂಕಿನ ನಮ್ಮ ಊರಿಗೆ ಹೋದಾಗ, ಅಗಸಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ಕರೆದು ಒಂದು ಪ್ರಶ್ನೆ ಹಾಕಿದರು: “ಮಾಸ್ತರ, ನೀವು ಓದಿದವರು, ಹೇಳ್ರಿ. ಆ ಹಳದಿ ಬಣ್ಣದ ದವಾಖಾನ್ಯಾಗ ಕುಂದರತಾಳಲಾ ಆ ಹುಡಿಗಿ, ಆಕಿ ಡಾಕ್ಟರ ಹೌದೋ ಅಲ್ಲೋ?”

ಪ್ರಶ್ನೆ ಸಣ್ಣದು. ಆದರೆ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ‘ಅಲ್ಲ’ ಎಂದರೆ ನಾಳೆಯಿಂದ ಆಕೆಯ ಬಳಿಗೆ ಯಾರೂ ಹೋಗಲಿಕ್ಕಿಲ್ಲ. ‘ಹೌದು’ ಎಂದರೆ ಸುಳ್ಳು ಹೇಳಿದಂತಾಗುವುದು. ವಿಚಾರಿಸಿ ಹೇಳುವೆನೆಂದು ಜಾರಿಕೊಂಡು ಬಂದೆ. ನಾನು ಕನ್ನಡ ಕಲಿಸುವವನು. ವೈದ್ಯಕವು ನನ್ನ ವಿಷಯವಲ್ಲ. ಆದರೂ ಆ ಪ್ರಶ್ನೆಯ ಬೆನ್ನು ಹತ್ತಿ ಹಿಂದಿನದನ್ನು ತಿರುವಿ ನೋಡಿದಾಗ, ಇದು ನಮ್ಮ ಊರ ಕಟ್ಟೆಯ ಮೇಲೆ ಮೊದಲ ಸಲ ಎದ್ದ ಪ್ರಶ್ನೆಯಲ್ಲವೆಂದು ತಿಳಿಯಿತು. ನೂರು ವರ್ಷಗಳಿಂದಲೂ ಸರಕಾರಗಳು, ಸಮಿತಿಗಳು, ಕಾಯಿದೆಗಳು ಇದೇ ಪ್ರಶ್ನೆಯನ್ನು ಕೇಳುತ್ತ ಬಂದಿವೆ. ಒಂದೊಂದು ಸಲಕ್ಕೆ ಒಂದೊಂದು ಉತ್ತರವನ್ನೂ ಕೊಟ್ಟಿವೆ.

ನಮ್ಮ ಅಜ್ಜನ ಕಾಲಕ್ಕೆ ಸುತ್ತಲಿನ ಹತ್ತಾರು ಹಳ್ಳಿಗಳಿಗೆ ಒಬ್ಬರೇ ಡಾಕ್ಟರರು. ಅವರ ಹೆಸರಿನ ಮುಂದೆ ‘ಎಲ್.ಸಿ.ಪಿ.ಎಸ್.’ ಎಂದು ಬರೆದ ಹಲಗೆಯೊಂದು ತೂಗುತ್ತಿತ್ತು. ಚಿಕ್ಕಂದಿನಲ್ಲಿ ನಾನು ಅವರನ್ನು ಕಂಡಾಗ ಅವರಿಗೆ ಎಂಬತ್ತರ ಹತ್ತಿರ. ಕೋಟಿನ ಜೇಬಿನಲ್ಲಿ ಸ್ಟೆತಾಸ್ಕೋಪು, ತಲೆಯ ಮೇಲೆ ಕರಿಯ ಟೊಪ್ಪಿಗೆ. ಆ ನಾಲ್ಕಕ್ಷರಗಳ ಅರ್ಥ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಅವರು ಡಾಕ್ಟರರೇ ಸರಿ. ಆದರೆ ಊರು ಒಪ್ಪಿದ ಈ ಮಾತನ್ನು ಕಾಯಿದೆ ಪೂರ್ತಿಯಾಗಿ ಒಪ್ಪಿರಲಿಲ್ಲವೆಂಬುದು ನನಗೆ ತಿಳಿದುಬಂದದ್ದು ಈಚೆಗೆ.

ಆ ಕಥೆ ಹೀಗಿದೆ. ಧಾರವಾಡ ಜಿಲ್ಲೆ ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜು ೧೮೪೫ರಲ್ಲಿ ಆರಂಭವಾಯಿತು. ಅಲ್ಲಿ ಇಂಗ್ಲಿಷಿನಲ್ಲಿ ಕಲಿತು ಹೊರಬಿದ್ದವರು ಇಲಾಖೆಯ ದೊಡ್ಡ ಊರುಗಳಿಗೇ ಸಾಲುತ್ತಿರಲಿಲ್ಲ. ಆದಕಾರಣ ೧೮೬೦ರ ದಶಕದಲ್ಲಿ ಅದೇ ಕಾಲೇಜಿನಲ್ಲಿ ದೇಶಭಾಷೆಯ ವರ್ಗವನ್ನು ತೆರೆದು, ಮರಾಠಿಯಲ್ಲಿಯೂ ಗುಜರಾತಿಯಲ್ಲಿಯೂ ವೈದ್ಯಕವನ್ನು ಕಲಿಸತೊಡಗಿದರು. ಮುಂದೆ ಮರಾಠಿಯ ವಿದ್ಯಾರ್ಥಿಗಳಿಗಾಗಿ ಪುಣೆಯಲ್ಲಿ ೧೮೭೮ರಲ್ಲಿ ಬೈರಾಮಜಿ ಜೀಜೀಭಾಯಿ ಮೆಡಿಕಲ್ ಸ್ಕೂಲು ಹುಟ್ಟಿತು. ಗುಜರಾತಿಯವರಿಗೆ ಅಹಮದಾಬಾದಿನ ಶಾಲೆಯಾಯಿತು. ಕನ್ನಡಕ್ಕೆ ಮಾತ್ರ ಇಂಥ ವರ್ಗವಾಗಲಿ ಶಾಲೆಯಾಗಲಿ ಒದಗಲಿಲ್ಲ. ಇಲಾಖೆಯ ತೆಂಕಣ ಜಿಲ್ಲೆಗಳಾದ ಧಾರವಾಡ, ಬೆಳಗಾವಿ, ವಿಜಾಪುರಗಳ ಹುಡುಗ ವೈದ್ಯನಾಗಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಿ ಬೇರೊಂದು ಭಾಷೆಯಲ್ಲಿ ರೋಗದ ಹೆಸರನ್ನು ಕಲಿಯಬೇಕಿತ್ತು. ಸೇವಾದಳವನ್ನು ಕಟ್ಟಿದ ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ವೈದ್ಯಕ ಕಲಿಯಲೆಂದು ಕಲಕತ್ತೆಗೇ ಹೋದರು.

ಈ ಶಾಲೆಗಳಿಂದ ಹೊರಟವರಿಗೆ ಮೊದಲು ‘ಹಾಸ್ಪಿಟಲ್ ಅಸಿಸ್ಟಂಟ್’ ಎಂಬ ಹೆಸರಿತ್ತು. ಮುಂದೆ ‘ಸಬ್ ಅಸಿಸ್ಟಂಟ್ ಸರ್ಜನ್’ ಎಂದಾಯಿತು. ೧೯೧೨ರಲ್ಲಿ ಮುಂಬಯಿಯಲ್ಲಿ ಕಾಲೇಜ್ ಆಫ್ ಫಿಜೀಶಿಯನ್ಸ್ ಅಂಡ್ ಸರ್ಜನ್ಸ್ ಸ್ಥಾಪನೆಯಾದ ಮೇಲೆ ಆ ಸಂಸ್ಥೆಯ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಎಲ್.ಸಿ.ಪಿ.ಎಸ್. ಎನಿಸಿಕೊಂಡರು. ಮದ್ರಾಸು, ಮೈಸೂರುಗಳ ಕಡೆಗೆ ಇಂಥವರೇ ಎಲ್.ಎಂ.ಪಿ.ಗಳು. ಇವರೆಲ್ಲರಿಗೂ ಕೂಡಿ ‘ಲೈಸೆನ್ಶಿಯೇಟ’ರೆಂದು ಹೆಸರು.

ಪದವೀಧರನಿಗೂ ಲೈಸೆನ್ಶಿಯೇಟನಿಗೂ ಕಲಿಕೆಯಲ್ಲಿ ಇದ್ದ ಅಂತರವೆಷ್ಟು? ಪದವೀಧರನು ಮೆಟ್ರಿಕ್ ಆದ ಮೇಲೆ ಇಂಟರ್ ಸಾಯನ್ಸ್ ಎಂದು ಎರಡು ವರ್ಷ ಕಳೆದು, ಅನಂತರ ಐದು ವರ್ಷ ವೈದ್ಯಕ ಓದುತ್ತಿದ್ದನು. ಲೈಸೆನ್ಶಿಯೇಟನು ಮೆಟ್ರಿಕ್ ಮುಗಿಸಿ ನೇರವಾಗಿ ಶಾಲೆ ಸೇರಿ ನಾಲ್ಕು ವರ್ಷಗಳಲ್ಲಿ ಹೊರಬೀಳುತ್ತಿದ್ದನು. ಪದಾರ್ಥವಿಜ್ಞಾನ, ರಸಾಯನಗಳ ಬುನಾದಿ ಅವನಿಗೆ ತೆಳುವು. ಆದರೆ ಹೆಣ ಕೊಯ್ದು ನೋಡುವುದು, ಔಷಧ ಕಲಸುವುದು, ಹೆರಿಗೆ ಮಾಡಿಸುವುದು, ಬಾವು ಕೊಯ್ಯುವುದು, ಮುರಿದ ಎಲುಬು ಕಟ್ಟುವುದು, ಇವು ಅವನ ಕಲಿಕೆಯಲ್ಲಿಯೂ ಇದ್ದವು. ಮುಖ್ಯವೆಂದರೆ ಅವನನ್ನು ತಯಾರು ಮಾಡಿದ್ದು ಒಂದು ಗೊತ್ತಾದ ಕೆಲಸಕ್ಕಾಗಿ: ತಾಲೂಕಿನ ಊರೊಂದರ ದವಾಖಾನೆಯಲ್ಲಿ ಒಬ್ಬಂಟಿಯಾಗಿ ಕುಳಿತು, ಬಾಗಿಲಿಗೆ ಬಂದದ್ದನ್ನು ನೋಡುವ ಕೆಲಸಕ್ಕಾಗಿ.

ನಮ್ಮ ಊರ ಡಾಕ್ಟರರ ವಿಷಯವಾಗಿ ಮನೆಯಲ್ಲಿ ಹೇಳುತ್ತಿದ್ದ ಒಂದು ಸಂಗತಿಯುಂಟು. ೧೯೫೦ರ ಆಸುಪಾಸಿನ ಮಾತು. ನನ್ನ ತಂದೆಯ ಹಿರಿಯಕ್ಕನಿಗೆ ಚೊಚ್ಚಲ ಹೆರಿಗೆ. ಎರಡು ದಿನ ಬೇನೆ ತಿಂದರೂ ಕೂಸು ಇಳಿಯಲಿಲ್ಲ. ಡಾಕ್ಟರರು ಬಂದು ಹೊಟ್ಟೆ ಮುಟ್ಟಿ ನೋಡಿ, “ಕೂಸು ಅಡ್ಡಾಗೇತಿ; ಇದು ನನ್ನ ಕೈಯಾಗಿನ ಕೆಲಸಲ್ಲ; ಹುಬ್ಬಳ್ಳಿಗೆ ಒಯ್ಯೂಣು” ಎಂದರು. ಗಾಡಿ ಹೂಡಿದರು, ಅವರೂ ಜೊತೆಗೆ ಕುಳಿತರು. ಬೆಣ್ಣೆಹಳ್ಳ ತುಂಬಿ ಹರಿಯುತ್ತಿತ್ತು. ಎರೆಯ ನಾಡಿನ ಆ ಹಳ್ಳವನ್ನು ಮಳೆಗಾಲದಲ್ಲಿ ಕಂಡವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ರಾತ್ರಿಯೆಲ್ಲ ದಂಡೆಯ ಮೇಲೆಯೇ ಕುಳಿತರು. ಬೆಳಗಿನ ಜಾವಕ್ಕೆ ತಾಯಿ ಕೂಸು ಇಬ್ಬರೂ ಇಲ್ಲವಾದರು. ಆ ಡಾಕ್ಟರರ ಮೇಲೆ ನಮ್ಮ ಮನೆಯಲ್ಲಿ ಯಾರೂ ಎಂದೂ ತಪ್ಪು ಹೊರಿಸಲಿಲ್ಲ. ತನ್ನ ಕೈಗೆ ಆಗುವುದು ಇಷ್ಟು, ಮೀರಿದ್ದು ಇಷ್ಟು ಎಂಬುದನ್ನು ಅವರು ಹೊಟ್ಟೆ ಮುಟ್ಟಿದ ಕ್ಷಣದಲ್ಲಿಯೇ ಹೇಳಿದ್ದರು. ನಾಲ್ಕು ವರ್ಷದ ಓದು ಅವರಿಗೆ ಶಸ್ತ್ರಕ್ರಿಯೆಯ ಬಲವನ್ನು ಕೊಟ್ಟಿರಲಿಲ್ಲ. ತನ್ನ ಎಲ್ಲೆ ಯಾವುದೆಂಬ ತಿಳಿವನ್ನು ಕೊಟ್ಟಿತ್ತು. ಎಲ್ಲೆಯಾಚೆಗೆ ದಾಟಿಸುವ ಸೇತುವೆ ಮಾತ್ರ ಇರಲಿಲ್ಲ.

ಇಂಥ ಡಾಕ್ಟರರನ್ನು ಕಾಯಿದೆ ಹೇಗೆ ಕಂಡಿತು? ೧೯೩೩ರಲ್ಲಿ ಇಂಡಿಯನ್ ಮೆಡಿಕಲ್ ಕೌನ್ಸಿಲ್ ಕಾಯಿದೆ ಬಂದಾಗ ಲೈಸೆನ್ಶಿಯೇಟರನ್ನು ಅದರ ಹೊರಗೆ ಇಟ್ಟರು. ವಿಶ್ವವಿದ್ಯಾಲಯದ ಪದವಿಯುಳ್ಳವರಿಗೆ ಮಾತ್ರ ಆ ಕೌನ್ಸಿಲಿನ ಮನ್ನಣೆ. ದೇಶದ ಬಹುಪಾಲು ರೋಗಿಗಳನ್ನು ನೋಡುತ್ತಿದ್ದವರು ಹೀಗೆ ಕಾಗದದ ಮೇಲೆ ಎರಡನೆಯ ದರ್ಜೆಯವರಾದರು.

ಮುಂದೆ ೧೯೪೩ರಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಗಿ, ೧೯೪೬ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಭಾರತದ ಆರೋಗ್ಯದ ವಿಚಾರದಲ್ಲಿ ಆ ವರದಿಯಷ್ಟು ದೂರ ನೋಡಿದ ಬರಹ ಅಪರೂಪ. ಆಗ ದೇಶದಲ್ಲಿದ್ದ ನೋಂದಾಯಿತ ಡಾಕ್ಟರರು ಸುಮಾರು ೪೭,೫೦೦. ಅಂದರೆ ೬,೩೦೦ ಜನಕ್ಕೆ ಒಬ್ಬರು. ಇವರಲ್ಲಿ ಪದವೀಧರರು ಸುಮಾರು ೧೭,೫೦೦ ಆದರೆ ಲೈಸೆನ್ಶಿಯೇಟರು ಸುಮಾರು ೩೦,೦೦೦. ಇಷ್ಟು ಕೊರತೆಯ ನಡುವೆಯೂ ಸಮಿತಿಯ ಬಹುಮತದ ಅಭಿಪ್ರಾಯವೇನೆಂದರೆ, ಲೈಸೆನ್ಶಿಯೇಟರ ಶಿಕ್ಷಣವನ್ನು ನಿಲ್ಲಿಸಬೇಕು. ಇನ್ನು ಮುಂದೆ ಒಂದೇ ಬಗೆಯ, ಒಂದೇ ಮಟ್ಟದ ಡಾಕ್ಟರನನ್ನು ತಯಾರಿಸಬೇಕು. ಆ ‘ಮೂಲ ವೈದ್ಯ’ನು ರೋಗವನ್ನಷ್ಟೇ ಅಲ್ಲ, ಊರಿನ ಬಾಳುವೆಯನ್ನೂ ಬಲ್ಲವನಾಗಬೇಕು. ಕೆಲವು ಸದಸ್ಯರು ಇದಕ್ಕೆ ಭಿನ್ನಮತ ಬರೆದರು. ಕಡಿಮೆ ಅವಧಿಯ ಶಿಕ್ಷಣವನ್ನು ಕೈಬಿಟ್ಟರೆ ಹಳ್ಳಿಗಳಿಗೆ ಸಾಲುವಷ್ಟು ವೈದ್ಯರು ಬಹುಕಾಲ ಸಿಕ್ಕಲಾರರು ಎಂಬುದು ಅವರ ವಾದ.

ಇಂದು ನಿಂತು ನೋಡಿದರೆ ಯಾರು ಸರಿ? ನನಗೆ ತೋರುವಂತೆ ಇಬ್ಬರೂ ಸರಿ. ಹಳ್ಳಿಗೊಬ್ಬ ಅಗ್ಗದ ಡಾಕ್ಟರ, ಪಟ್ಟಣಕ್ಕೊಬ್ಬ ಪೂರಾ ಡಾಕ್ಟರ ಎಂಬ ತಾರತಮ್ಯವನ್ನು ಸ್ವತಂತ್ರವಾಗಲಿದ್ದ ದೇಶ ಒಪ್ಪಬಾರದೆಂದ ಬಹುಮತದ ಮಾತಿನಲ್ಲಿ ನ್ಯಾಯವಿತ್ತು. ಭಿನ್ನಮತದವರ ಮಾತಿನಲ್ಲಿ ಲೆಕ್ಕವಿತ್ತು. ದೇಶವು ನ್ಯಾಯವನ್ನು ಆರಿಸಿಕೊಂಡಿತು; ಲೆಕ್ಕವನ್ನು ಮರೆಯಿತು. ಪುಣೆಯ ಶಾಲೆ ೧೯೪೬ರಲ್ಲಿಯೇ ಕಾಲೇಜಾಯಿತು. ಇದ್ದ ಲೈಸೆನ್ಶಿಯೇಟರಿಗೆ ಪದವಿ ಪಡೆಯಲೆಂದು ಸಂಕ್ಷಿಪ್ತ ಎಂ.ಬಿ.ಬಿ.ಎಸ್. ಅಭ್ಯಾಸಕ್ರಮವನ್ನು ಕೆಲವೆಡೆ ತೆರೆದರು. ಕೆಳಗಿನಿಂದ ಮೇಲಕ್ಕೆ ಹತ್ತುವ ನಿಚ್ಚಣಿಕೆಯೊಂದು ಅಂದು ಸ್ವಲ್ಪ ಕಾಲವಾದರೂ ಇತ್ತೆಂಬುದನ್ನು ವಾಚಕರು ನೆನಪಿಡಬೇಕು.

ಕರ್ನಾಟಕ ಏಕೀಕರಣವಾದ ಮರುವರುಷ, ೧೯೫೭ರಲ್ಲಿ, ಹುಬ್ಬಳ್ಳಿಗೆ ಕರ್ನಾಟಕ ಮೆಡಿಕಲ್ ಕಾಲೇಜು ಬಂದಿತು. ಪುಣೆ ಮುಂಬಯಿಗಳ ದಾರಿ ಹಿಡಿಯುತ್ತಿದ್ದ ನಮ್ಮವರಿಗೆ ಮನೆಬಾಗಿಲಲ್ಲಿಯೇ ವೈದ್ಯಕವಿದ್ಯೆ ದೊರೆಯಿತು. ಇದರಿಂದ ಈ ಭಾಗಕ್ಕಾದ ಉಪಕಾರ ದೊಡ್ಡದು. ನವಲಗುಂದದಿಂದ ಕಲಘಟಗಿಯವರೆಗೆ ಯಾರ ಮನೆಯಲ್ಲಿ ಕಠಿಣ ಬೇನೆ ಬಂದರೂ ಕಡೆಗೆ ನೆನಪಾಗುವುದು ಆ ಆಸ್ಪತ್ರೆಯೇ. ಆದರೆ ಅಲ್ಲಿಂದ ಹೊರಟ ಡಾಕ್ಟರ ಅಣ್ಣಿಗೇರಿಯಲ್ಲಿಯೋ ಕುಂದಗೋಳದಲ್ಲಿಯೋ ಮನೆ ಮಾಡಿ ಮೂವತ್ತು ವರ್ಷ ಉಳಿದ ಉದಾಹರಣೆಗಳು, ಅವನು ಹುಬ್ಬಳ್ಳಿಯಲ್ಲಿಯೇ ತಜ್ಞನಾಗಿ ನಿಂತ ಉದಾಹರಣೆಗಳಷ್ಟು ಸುಲಭವಾಗಿ ಸಿಗವು. ಕರ್ನಾಟಕ ಸರಕಾರ ೨೦೧೨ರಲ್ಲಿ ಗ್ರಾಮಸೇವೆಯನ್ನು ಕಡ್ಡಾಯಗೊಳಿಸುವ ಕಾಯಿದೆಯನ್ನೇ ಮಾಡಬೇಕಾಯಿತೆಂದರೆ ಮಿಕ್ಕದ್ದನ್ನು ಊಹಿಸಬಹುದು.

ಇದನ್ನು ಹಣದ ಆಸೆಯೆಂದು ಬಯ್ದು ಕೈ ತೊಳೆದುಕೊಳ್ಳುವುದು ಸರಿಯಲ್ಲ. ಕಲಿಕೆಯೊಳಗೇ ಒಂದು ತೊಡಕಿದೆ. ೧೯೬೧ರಲ್ಲಿ ಅಮೆರಿಕದ ಕೆರ್ ವೈಟ್ ಮತ್ತು ಅವರ ಜೊತೆಗಾರರು ಒಂದು ಲೆಕ್ಕವನ್ನು ಮುಂದಿಟ್ಟರು. ಸಾವಿರ ಮಂದಿ ಪ್ರಾಯದವರನ್ನು ತೆಗೆದುಕೊಂಡರೆ ಒಂದು ತಿಂಗಳಲ್ಲಿ ೭೫೦ ಜನರಿಗೆ ಏನಾದರೊಂದು ಬೇನೆ ಬರುತ್ತದೆ; ೨೫೦ ಜನ ಡಾಕ್ಟರರಲ್ಲಿಗೆ ಹೋಗುತ್ತಾರೆ; ೯ ಜನ ಆಸ್ಪತ್ರೆಗೆ ಸೇರುತ್ತಾರೆ; ದೊಡ್ಡ ಬೋಧನಾ ಆಸ್ಪತ್ರೆಯವರೆಗೆ ಹೋಗುವವನು ಒಬ್ಬನೇ ಒಬ್ಬ. ಅದು ಬೇರೆ ದೇಶದ ಲೆಕ್ಕವೇನೋ ಹೌದು. ಆದರೆ ಅದರ ತಿರುಳು ಎಲ್ಲ ಕಡೆಗೂ ಸಲ್ಲುವಂಥದು. ನಮ್ಮ ವಿದ್ಯಾರ್ಥಿ ನಾಲ್ಕೂವರೆ ವರ್ಷ ಓದಿ ಒಂದು ವರ್ಷ ಇಂಟರ್ನ್ ಆಗಿ ಕಲಿಯುವುದು ಬಹುಮಟ್ಟಿಗೆ ಆ ಒಬ್ಬನ ಮಂಚದ ಬದಿಯಲ್ಲಿ. ನಾಳೆ ಅವನು ನೋಡಬೇಕಾದ್ದು ಉಳಿದ ೨೪೯ ಜನರನ್ನು! ಆಳವಾಗಿ ಅಗೆಯಲು ಕಲಿತವನನ್ನು ಹೊಲದಗಲಕ್ಕೂ ಹರಗಲು ಕಳಿಸಿದಂತೆ ಇದು.

ಈ ತೊಡಕನ್ನು ಮೊದಲು ಅರಿತ ದೇಶಗಳು ಎರಡು ದಾರಿ ಹಿಡಿದವು. ಒಂದು, ಸಾಮಾನ್ಯ ವೈದ್ಯಕವನ್ನೇ ಒಂದು ವಿಶೇಷ ವಿದ್ಯೆಯನ್ನಾಗಿ ಮಾಡುವುದು. ಬ್ರಿಟನ್ನಿನಲ್ಲಿ ೧೯೫೨ರಲ್ಲಿ ಸಾಮಾನ್ಯ ವೈದ್ಯರದೇ ಆದ ಕಾಲೇಜು ಸ್ಥಾಪನೆಯಾಯಿತು. ಅಮೆರಿಕ ೧೯೬೯ರಲ್ಲಿ ಕುಟುಂಬ ವೈದ್ಯಕವನ್ನು ಪ್ರತ್ಯೇಕ ಶಾಖೆಯೆಂದು ಒಪ್ಪಿ, ಪದವಿಯ ಮೇಲೆ ಮೂರು ವರ್ಷದ ತರಬೇತಿಯನ್ನು ವಿಧಿಸಿತು. ಇನ್ನೊಂದು, ಡಾಕ್ಟರನಲ್ಲದ, ಆದರೆ ಡಾಕ್ಟರನ ಕೆಲಸದಲ್ಲಿ ಒಂದು ಪಾಲನ್ನು ಮಾಡಬಲ್ಲ ಮಧ್ಯಮ ದರ್ಜೆಯವರನ್ನು ತಯಾರಿಸುವುದು. ರಷ್ಯದ ‘ಫೆಲ್ಡ್‌ಷರ್’ ಈ ಜಾತಿಯಲ್ಲಿ ಬಹಳ ಹಳೆಯವನು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಯೂಜಿನ್ ಸ್ಟೆಡ್ ಅವರು ೧೯೬೫ರಲ್ಲಿ ನೌಕಾಪಡೆಯಿಂದ ಬಿಡುಗಡೆಯಾದ ವೈದ್ಯಕ ಸಹಾಯಕರನ್ನು ಸೇರಿಸಿಕೊಂಡು ಹೊಸ ತರಗತಿಯೊಂದನ್ನು ಆರಂಭಿಸಿದರು. ಅದೇ ವರ್ಷ ಕೊಲೊರಾಡೊದಲ್ಲಿ ದಾದಿಯರಿಗೆ ಇಂಥದೇ ಮೇಲ್ತರಬೇತಿ ಮೊದಲಾಯಿತು. ಚೀನದ ‘ಬರಿಗಾಲ ವೈದ್ಯ’ರೂ ಅದೇ ಕಾಲದವರು. ಇಲ್ಲಿ ಗಮನಿಸತಕ್ಕ ಮಾತೊಂದುಂಟು: ಅಮೆರಿಕ ಎರಡೂ ದಾರಿಗಳನ್ನು ಏಕಕಾಲಕ್ಕೆ ತುಳಿಯಿತು. ಮಧ್ಯಮ ದರ್ಜೆಯವರನ್ನು ತಯಾರಿಸುವಾಗಲೇ ಅವರ ಬೆನ್ನಿಗೆ ನಿಲ್ಲುವ ಕುಟುಂಬ ವೈದ್ಯನನ್ನೂ ತಯಾರಿಸಿತು.

ನಾವು? ಒಮ್ಮೆ ಮುಚ್ಚಿದ ಬಾಗಿಲನ್ನು ನಾವೂ ಮತ್ತೆ ಮತ್ತೆ ತಟ್ಟುತ್ತಲೇ ಬಂದಿದ್ದೇವೆ. ೧೯೭೭ರಲ್ಲಿ ಮೂರು ತಿಂಗಳು ಕಲಿಸಿ ಹಳ್ಳಿಗೊಬ್ಬ ಆರೋಗ್ಯ ಕಾರ್ಯಕರ್ತನನ್ನು ನೇಮಿಸಿದರು. ೨೦೦೧ರಲ್ಲಿ ಛತ್ತೀಸಗಡವು ಮೂರು ವರ್ಷದ ವೈದ್ಯಕ ಶಿಕ್ಷಣವನ್ನು ತೆರೆದು, ಕೆಲವೇ ವರ್ಷಗಳಲ್ಲಿ ಮುಚ್ಚಿತು. ಅಸ್ಸಾಮಿನ ಇಂಥದೇ ಪ್ರಯತ್ನ ನ್ಯಾಯಾಲಯದ ಮೆಟ್ಟಿಲು ಹತ್ತಿತು. ೨೦೧೯ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯು ಸೀಮಿತ ಪರವಾನಗಿಯ ‘ಸಮುದಾಯ ಆರೋಗ್ಯ ಸೇವಕ’ರಿಗೆ ಅವಕಾಶವಿತ್ತು, ಅವರ ಸಂಖ್ಯೆ ಪರವಾನಗಿಯುಳ್ಳ ಡಾಕ್ಟರರ ಮೂರನೆಯ ಒಂದು ಭಾಗವನ್ನು ಮೀರಕೂಡದೆಂದಿತು. ೧೯೩೩ರ ಕಾಯಿದೆ ಹೊರಗಿಟ್ಟವರ ಮೊಮ್ಮಕ್ಕಳನ್ನು ಇನ್ನೊಂದು ಕಾಯಿದೆ ಹೀಗೆ ಬೇರೆ ಹೆಸರಿನಲ್ಲಿ ಒಳಗೆ ಕರೆಯಿತು.

ನಮ್ಮ ಊರ ಹಳದಿ ಕಟ್ಟಡದ ಹುಡುಗಿಯ ವಿಷಯ ಈಗ ಬಂತು. ೨೦೧೮ರಲ್ಲಿ ಉಪಕೇಂದ್ರಗಳನ್ನು ‘ಆರೋಗ್ಯ ಮತ್ತು ಕ್ಷೇಮ ಕೇಂದ್ರ’ಗಳನ್ನಾಗಿ ಮಾಡತೊಡಗಿದರು, ೨೦೨೩ರಲ್ಲಿ ಅವುಗಳಿಗೆ ‘ಆಯುಷ್ಮಾನ್ ಆರೋಗ್ಯ ಮಂದಿರ’ವೆಂಬ ಹೆಸರು ಬಂತು. ಬಯಲುನಾಡಿನಲ್ಲಿ ಸುಮಾರು ೫,೦೦೦ ಜನಕ್ಕೆ ಇಂಥದೊಂದು. ಅಲ್ಲಿ ಕೂರುವ ಸಮುದಾಯ ಆರೋಗ್ಯ ಅಧಿಕಾರಿಯು ಸಾಮಾನ್ಯವಾಗಿ ದಾದಿಯ ಶಿಕ್ಷಣ ಪಡೆದು, ಅದರ ಮೇಲೆ ಆರು ತಿಂಗಳ ಸಮುದಾಯ ಆರೋಗ್ಯದ ತರಬೇತಿಯನ್ನು ಮುಗಿಸಿದವಳು. ಈಚೆಗೆ ಆ ಪಾಠವನ್ನು ನರ್ಸಿಂಗ್ ಪದವಿಯ ಒಳಗೇ ಸೇರಿಸಿದ್ದಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿಯ ಮತ್ತು ಸ್ತನದ ಅರ್ಬುದ, ಇವನ್ನು ಮೊದಲಲ್ಲಿಯೇ ಹುಡುಕುವುದು, ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವುದು, ಡಾಕ್ಟರರು ಬರೆದ ಮದ್ದನ್ನು ತಿಂಗಳು ತಿಂಗಳು ಕೊಡುವುದು, ಸಂದೇಹ ಬಂದರೆ ದೂರವಾಣಿಯ ಮೂಲಕ ಡಾಕ್ಟರರನ್ನು ಕೇಳುವುದು ಅವಳ ಕೆಲಸ. ಆ ಹಳೆಯ ಎಲ್.ಸಿ.ಪಿ.ಎಸ್. ಡಾಕ್ಟರರಿಗಿಂತ ರೋಗ ನಿರ್ಣಯದ ಪಾಠ ಇವಳಿಗೆ ಬಹಳ ಕಡಿಮೆ. ಆರೈಕೆಯ ಪಾಠ ಬಹುಶಃ ಹೆಚ್ಚು.

ಎರಡು ಕಲಿಕೆಗಳ ಬೆಲೆ ಏನೆಂಬುದನ್ನು ನಾನು ಕಂಡ ಎರಡು ಪ್ರಸಂಗಗಳಿಂದ ಹೇಳುವೆನು. ಮೊದಲನೆಯದು ನನ್ನ ತಾಯಿಯದು. ಆಯಾಸ, ತಲೆನೋವು ಎಂದು ನಗರದ ಡಾಕ್ಟರರೊಬ್ಬರಲ್ಲಿಗೆ ನಾನೇ ಮೂರು ಸಲ ಕರೆದೊಯ್ದಿದ್ದೆ. ಪದವಿಗಳಿಗೇನೂ ಕೊರತೆಯಿರಲಿಲ್ಲ, ನಮಗೆ ಸಿಕ್ಕದ್ದು ಮೂರು ನಿಮಿಷವೂ ಪಿತ್ತದ ಗುಳಿಗೆಯೂ. ಕುಂದಗೋಳ ತಾಲೂಕಿನ ತವರಿಗೆ ಹೋದಾಗ ಅಲ್ಲಿಯ ಕೇಂದ್ರದ ಹುಡುಗಿ, ಮನೆಮನೆಗೆ ಬಂದವಳು, ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ರಕ್ತದೊತ್ತಡ ೨೦೦ರ ಮೇಲಿತ್ತು. ಆಗಲೇ ಡಾಕ್ಟರರಿಗೆ ಫೋನು ಮಾಡಿ, ಮರುದಿನವೇ ಹುಬ್ಬಳ್ಳಿಗೆ ಕಳಿಸಿದಳು. ಮೂತ್ರಪಿಂಡಕ್ಕೆ ಆಗಲೇ ಸ್ವಲ್ಪ ಪೆಟ್ಟು ತಗಲಿತ್ತು. ಇನ್ನೂ ಒಂದು ವರ್ಷ ಪಿತ್ತದ ಗುಳಿಗೆ ನುಂಗಿದ್ದರೆ ಏನಾಗುತ್ತಿತ್ತೋ!

ಎರಡನೆಯದು ಕಲಘಟಗಿಯ ಕಡೆಯದು. ಬಣ್ಣದ ತೊಟ್ಟಿಲಿಗೆ ಹೆಸರಾದ, ಮಲೆನಾಡ ಸೆರಗಿನ ಆ ತಾಲೂಕಿನ ಹುಡುಗನೊಬ್ಬ ನನ್ನ ವಿದ್ಯಾರ್ಥಿ. ಅವನ ತಮ್ಮನಿಗೆ ಜ್ವರ. ಊರ ಹತ್ತಿರದ ಕೇಂದ್ರವೊಂದರಲ್ಲಿ ಐದು ದಿನ ಸಾಮಾನ್ಯ ಜ್ವರದ ಗುಳಿಗೆಯನ್ನೇ ಕೊಟ್ಟರು. ಆರನೆಯ ದಿನ ಹುಡುಗ ಕನವರಿಸತೊಡಗಿದ. ಆಸ್ಪತ್ರೆಯಲ್ಲಿ ಡಾಕ್ಟರರೊಬ್ಬರು ಅಂಗಿ ಬಿಚ್ಚಿಸಿ, ಕಂಕುಳಲ್ಲಿ ಕಡಲೆಯಷ್ಟು ಕರಿಯ ಹಕ್ಕಳೆಯೊಂದನ್ನು ಹುಡುಕಿ ತೆಗೆದರು. ಸ್ಕ್ರಬ್ ಟೈಫಸ್! ಪೊದೆಯ ಹುಳು ಕಚ್ಚಿ ಬರುವ ಜ್ವರ. ಅದಕ್ಕೆ ಬೇಕಾದ ಮದ್ದು ಅಗ್ಗದ್ದು, ಹುಡುಗ ಉಳಿದನು. ಆದರೆ ಕಂಕುಳಲ್ಲಿ ನೋಡಬೇಕೆಂಬುದು ಗೊತ್ತಿರಬೇಕಲ್ಲ? ನೂರು ಜ್ವರಗಳ ನಡುವೆ ನೂರೊಂದನೆಯದು ಬೇರೆಯೆಂದು ಮನಸ್ಸಿಗೆ ತಟ್ಟಬೇಕಾದರೆ ದೀರ್ಘ ಕಲಿಕೆ ಬೇಕು; ಅದನ್ನು ಆರು ತಿಂಗಳಲ್ಲಿ ಕಟ್ಟಿಕೊಡಲಾಗದು.

ಒಂದು ಪ್ರಸಂಗವನ್ನು ಹಿಡಿದು ಡಾಕ್ಟರರನ್ನು ಬಯ್ಯುವುದಾಗಲಿ, ಇನ್ನೊಂದನ್ನು ಹಿಡಿದು ಆ ಹುಡುಗಿಯರನ್ನು ಹೀಗಳೆಯುವುದಾಗಲಿ ನನ್ನ ಉದ್ದೇಶವಲ್ಲ. ವೇಳೆಯಿಲ್ಲದ ದೀರ್ಘ ಕಲಿಕೆ ನನ್ನ ತಾಯಿಯ ಪಾಲಿಗೆ ಉಪಯೋಗಕ್ಕೆ ಬರಲಿಲ್ಲ. ಬೆನ್ನಿಗೆ ಯಾರೂ ಇಲ್ಲದ ಕಿರಿಯ ಕಲಿಕೆ ಆ ಹುಡುಗನ ಪಾಲಿಗೆ ಅಪಾಯವಾಯಿತು. ಕುಂದಗೋಳದ ಹುಡುಗಿ ಗೆದ್ದದ್ದು ತಾನೊಬ್ಬಳೇ ಅಲ್ಲ. ಫೋನಿನ ಆಚೆಗೆ ಒಬ್ಬ ಡಾಕ್ಟರರಿದ್ದರು, ಅವರ ಆಚೆಗೆ ಹುಬ್ಬಳ್ಳಿಯ ಆಸ್ಪತ್ರೆಯಿತ್ತು, ನಡುವಿನ ಹಳ್ಳಕ್ಕೆ ಸೇತುವೆಯಿತ್ತು.

ಭಾಷೆಯ ಅಧ್ಯಾಪಕನಾಗಿ ಇನ್ನೊಂದು ಮಾತು ಹೇಳದಿರಲಾರೆ. ನಮ್ಮ ಕಡೆಯ ರೋಗಿ ‘ಎದಿ ಹಾರತೈತಿ’ ಎನ್ನುತ್ತಾನೆ, ‘ಹೊಟ್ಟಿ ತೊಳಸತೈತಿ’ ಎನ್ನುತ್ತಾನೆ, ‘ಜೀವ ಜಲ್ಲ ಅಂತೈತಿ’ ಎನ್ನುತ್ತಾನೆ. ಈ ಒಂದೊಂದು ಮಾತೂ ಒಂದೊಂದು ಲಕ್ಷಣ. ಪುಣೆಯಲ್ಲಿ ಕಲಿತ ನಮ್ಮ ಎಲ್.ಸಿ.ಪಿ.ಎಸ್. ಡಾಕ್ಟರರು ಮೂವತ್ತು ನಲವತ್ತು ವರ್ಷ ಒಂದೇ ಊರಲ್ಲಿ ಕುಳಿತು ಈ ನಿಘಂಟನ್ನು ತಾವೇ ಕಲಿತರು. ಹಳದಿ ಕಟ್ಟಡದ ಹುಡುಗಿಗೆ ಅದು ಹುಟ್ಟಿನಿಂದಲೇ ಬಂದಿದೆ. ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಅದನ್ನು ಎಲ್ಲಿ ಕಲಿಯಬೇಕು? ಹುಬ್ಬಳ್ಳಿಯ ಕಿಮ್ಸ್‌ನ ನಿರ್ದೇಶಕರಾಗಿದ್ದ ಡಾ. ಸ. ಜ. ನಾಗಲೋಟಿಮಠರಂಥವರು ವೈದ್ಯಕವನ್ನು ಕನ್ನಡದಲ್ಲಿ ಜನರಿಗೆ ತಿಳಿಸಿದರು. ಜನರ ಕನ್ನಡವನ್ನು ವೈದ್ಯರಿಗೆ ತಿಳಿಸುವ ಕೆಲಸ ಇನ್ನೂ ಉಳಿದಿದೆ. ಈಚಿನ ವರ್ಷಗಳಲ್ಲಿ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ನೋಡುವ ಪಾಠವೊಂದು ಬಂದಿರುವುದು ಒಳ್ಳೆಯ ಲಕ್ಷಣ.

ಭೋರ್ ಸಮಿತಿ ಬಯಸಿದ ಆ ‘ಮೂಲ ವೈದ್ಯ’ನನ್ನು ನಾವು ಪೂರ್ತಿಯಾಗಿ ಎಂದೂ ತಯಾರಿಸಲಿಲ್ಲ, ಅವನು ಬರುವ ಮೊದಲೇ ಇದ್ದ ಲೈಸೆನ್ಶಿಯೇಟನನ್ನು ಬೀಳ್ಕೊಟ್ಟೆವು. ಕುಟುಂಬ ವೈದ್ಯಕದ ಉನ್ನತ ಶಿಕ್ಷಣ ನಮ್ಮಲ್ಲಿಯೂ ಉಂಟು. ಆದರೆ ಹೃದಯ ತಜ್ಞನಾಗುವೆನೆಂಬ ಹುಡುಗನಿಗೆ ಸಿಗುವ ಗೌರವ, ಊರ ತಜ್ಞನಾಗುವೆನೆಂಬವನಿಗೆ ಸಿಗುತ್ತಿಲ್ಲ. ಈಗ ಆ ಖಾಲಿ ಜಾಗದಲ್ಲಿ ಒಬ್ಬ ದಾದಿಯನ್ನು ಕೂರಿಸಿದ್ದೇವೆ. ಅದು ತಪ್ಪಲ್ಲ. ಅವಳನ್ನು ಒಂಟಿಯಾಗಿ ಕೂರಿಸಿದರೆ ತಪ್ಪು; ಹತ್ತು ವರ್ಷ ದುಡಿದ ಮೇಲೂ ಮುಂದೆ ಕಲಿಯಲು ಅವಳಿಗೊಂದು ನಿಚ್ಚಣಿಕೆ ಇಡದಿದ್ದರೆ ತಪ್ಪು. ಎಲ್.ಸಿ.ಪಿ.ಎಸ್. ಡಾಕ್ಟರರಿಗೆ ನಾವು ಮಾಡಿದ ಅನ್ಯಾಯ ಅದೇ ಆಗಿತ್ತು: ಕೆಲಸ ಮಾತ್ರ ಡಾಕ್ಟರನದು, ಲೆಕ್ಕದಲ್ಲಿ ಮಾತ್ರ ಕೆಳಗಿನವನು.

ದೀಪಾವಳಿಗೆ ಮತ್ತೆ ಊರಿಗೆ ಹೋದಾಗ ಆ ಹಿರಿಯರು ಅದೇ ಕಟ್ಟೆಯ ಮೇಲೆ ಸಿಕ್ಕರು. ಪ್ರಶ್ನೆಯನ್ನು ಅವರು ಮರೆತಿರಲಿಲ್ಲ.

“ಆಕಿ ಡಾಕ್ಟರ ಅಲ್ಲರಿ ಯಜಮಾನರ” ಎಂದೆ. “ಆದ್ರ ಮೊದಲ ಆಕಿ ಕಡೆನ ಹೋಗ್ರಿ. ಡಾಕ್ಟರ ಯಾವಾಗ ಬೇಕಂತ ಆಕಿಗೆ ಗೊತ್ತೈತಿ. ಮತ್ತ ಆಕಿ ಫೋನ್ ಹಚ್ಚಿದಾಗ ಆ ಕಡೆ ಡಾಕ್ಟರ ಎತ್ತಲಿಲ್ಲಂದ್ರ, ಆಕಿನ್ನ ಬಯ್ಯಬ್ಯಾಡ್ರಿ. ಪಂಚಾಯತಿಗೆ ಹೋಗಿ ಕೇಳ್ರಿ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಹಳೇ ಡಾಕ್ಟರ ಬೆ‍ಣ್ಣಿಹಳ್ಳದ ದಂಡಿಮ್ಯಾಲ ಕುಂತಿದ್ದು ನಾ ಸಣ್ಣಾವಿದ್ದಾಗ ನೋಡೀನಿ” ಎಂದರು. ಆ ಗಾಡಿಯಲ್ಲಿ ಇದ್ದವಳು ನಮ್ಮ ಮನೆಯವಳೆಂಬುದು ಅವರಿಗೆ ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ.